ಸರ್ಕಾರ ಮನೆಗೆ ಕಳಿಸಿದ ಟೀಚರ್, ನೂರಾರು ರಾತ್ರಿ ಶಾಲೆ ಕಟ್ಟಿದರು: ಸೆಪ್ಟಿಮಾ ಕ್ಲಾರ್ಕ್ ಬದುಕಿನ ಕಥೆ

ಮುಂದೆ ದಿನಸಿ ಅಂಗಡಿ, ಹಿಂದೆ ಕಿಟಕಿಯೇ ಇಲ್ಲದ ಕೋಣೆ. 1957ರ ಜನವರಿ 7ರ ರಾತ್ರಿ ಆ ಕೋಣೆಗೆ 14 ಮಂದಿ ವಯಸ್ಕರು ಬಂದು ಕುಳಿತರು. ಎಲ್ಲರೂ ದಿನವಿಡೀ ದುಡಿದು ದಣಿದವರು. ಕೆಲವರಿಗೆ ಸ್ವಂತ ಹೆಸರು ಬರೆಯಲೂ ಬರುತ್ತಿರಲಿಲ್ಲ. ಅದು ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಜಾನ್ಸ್ ಐಲ್ಯಾಂಡ್ ಎಂಬ ದ್ವೀಪ. ಬಂದವರೆಲ್ಲ ಕಪ್ಪು ವರ್ಣೀಯರು. ಹಿಂದಿನ ಕೋಣೆಯಲ್ಲಿ ನಡೆಯುವ ಪಾಠ ಬಿಳಿಯರ ಕಣ್ಣಿಗೆ ಬೀಳದಿರಲಿ ಎಂದೇ ಮುಂದೆ ಅಂಗಡಿ ಇಡಲಾಗಿತ್ತು.

ಅಕ್ಷರ ಕಲಿಯುವುದಕ್ಕೆ ಇಷ್ಟೊಂದು ಗುಟ್ಟು ಯಾಕೆ? ಕಾರಣ ಮತದಾನ. ಆ ರಾಜ್ಯದಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಬೇಕಾದರೆ ಒಂದೋ ನಿಗದಿತ ಬೆಲೆಯ ಆಸ್ತಿ ಇರಬೇಕಿತ್ತು, ಇಲ್ಲವೇ ಸಂವಿಧಾನದ ಒಂದು ಭಾಗವನ್ನು ಅಧಿಕಾರಿಯ ಮುಂದೆ ಓದಿ ತೋರಿಸಬೇಕಿತ್ತು. ತಲೆಮಾರುಗಳಿಂದ ಶಾಲೆಯನ್ನೇ ಸರಿಯಾಗಿ ಕೊಡದ ಜನರಿಗೆ ಓದುವ ಪರೀಕ್ಷೆ ಇಟ್ಟರೆ ಅವರು ಮತಗಟ್ಟೆಯ ಹತ್ತಿರವೂ ಸುಳಿಯುವುದಿಲ್ಲ ಎಂಬುದು ಆ ನಿಯಮದ ಹಿಂದಿನ ಲೆಕ್ಕಾಚಾರ.

ಈ ಲೆಕ್ಕಾಚಾರವನ್ನು ತಲೆಕೆಳಗು ಮಾಡಲು ಹೊರಟವರು ಸೆಪ್ಟಿಮಾ ಪಾಯಿನ್ಸೆಟ್ ಕ್ಲಾರ್ಕ್. ಆಗ ಅವರಿಗೆ 58 ವರ್ಷ. ಅದರ ಹಿಂದಿನ ವರ್ಷವಷ್ಟೇ ಕೆಲಸ ಕಳೆದುಕೊಂಡಿದ್ದ ಶಿಕ್ಷಕಿ.

ಗುಲಾಮನಾಗಿ ಹುಟ್ಟಿದ ತಂದೆ, ಬಟ್ಟೆ ಒಗೆಯುತ್ತಿದ್ದ ತಾಯಿ

ಸೆಪ್ಟಿಮಾ ಹುಟ್ಟಿದ್ದು 1898ರ ಮೇ 3ರಂದು, ಚಾರ್ಲ್ಸ್‌ಟನ್ ನಗರದಲ್ಲಿ. ತಂದೆ ಪೀಟರ್ ಪಾಯಿನ್ಸೆಟ್ ಹುಟ್ಟಿನಿಂದ ಗುಲಾಮ. ಕ್ರಿಸ್‌ಮಸ್ ಸಮಯದಲ್ಲಿ ನರ್ಸರಿಗಳಲ್ಲಿ ಕಾಣುವ ಕೆಂಪು ಎಲೆಯ ಪಾಯಿನ್ಸೆಟಿಯಾ ಗಿಡಕ್ಕೆ ಯಾರ ಹೆಸರು ಬಂತೋ, ಆ ಜೋಯೆಲ್ ಪಾಯಿನ್ಸೆಟ್ ಅವರ ತೋಟದಲ್ಲಿ ದುಡಿಯುತ್ತಿದ್ದ ಕುಟುಂಬ ಅದು. ಒಡೆಯನ ಹೆಸರೇ ಮನೆತನದ ಹೆಸರಾಯಿತು. ತಾಯಿ ವಿಕ್ಟೋರಿಯಾ ಬೆಳೆದದ್ದು ಹೈಟಿಯಲ್ಲಿ. ಬಿಳಿಯರ ಮನೆಗೆಲಸಕ್ಕೆ ಹೋಗುವುದಿಲ್ಲ ಎಂಬ ಹಟದಿಂದ ಮನೆಯಲ್ಲೇ ಬಟ್ಟೆ ಒಗೆದು ಎಂಟು ಮಕ್ಕಳನ್ನು ಸಾಕಿದ ಹೆಣ್ಣುಮಗಳು.

ಫೀಸು ಕಟ್ಟಲು ಸೆಪ್ಟಿಮಾ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದರು. ಚಾರ್ಲ್ಸ್‌ಟನ್‌ನ ಏವರಿ ಸಂಸ್ಥೆಯಲ್ಲಿ ಓದು ಮುಗಿಸಿ 1916ರಲ್ಲಿ ಶಿಕ್ಷಕಿಯಾದರು. ಆದರೆ ಸ್ವಂತ ಊರಿನ ಸರ್ಕಾರಿ ಶಾಲೆಗಳಲ್ಲಿ ಕಪ್ಪು ವರ್ಣೀಯರಿಗೆ ಪಾಠ ಮಾಡಲು ಅವಕಾಶ ಇರಲಿಲ್ಲ. ಹಾಗಾಗಿ 18ನೇ ವಯಸ್ಸಿನಲ್ಲಿ ದೋಣಿ ಹತ್ತಿ ಗಂಟೆಗಟ್ಟಲೆ ಪ್ರಯಾಣ ಮಾಡಿ ಜಾನ್ಸ್ ಐಲ್ಯಾಂಡ್‌ಗೆ ಹೋದರು.

ಅಲ್ಲಿನ ಶಾಲೆಯಲ್ಲಿ 132 ಮಕ್ಕಳು, ಇಬ್ಬರು ಶಿಕ್ಷಕಿಯರು. ಸೆಪ್ಟಿಮಾ ಅವರ ಸಂಬಳ ತಿಂಗಳಿಗೆ 35 ಡಾಲರ್. ಅದೇ ರಸ್ತೆಯ ಆಚೆ ಬದಿಯ ಬಿಳಿಯರ ಶಾಲೆಯಲ್ಲಿ ಮೂರೇ ಮಕ್ಕಳು. ಅಲ್ಲಿನ ಶಿಕ್ಷಕಿಯ ಸಂಬಳ 85 ಡಾಲರ್.

ಡ್ರೈಕ್ಲೀನಿಂಗ್ ಕವರೇ ಪಠ್ಯಪುಸ್ತಕ

ಹಗಲು ಮಕ್ಕಳಿಗೆ ಪಾಠ, ರಾತ್ರಿ ದೊಡ್ಡವರಿಗೆ. ದ್ವೀಪದ ಹಿರಿಯರಲ್ಲಿ ಕೆಲವರಿಗೆ ತಮ್ಮ ಸಂಘದ ಸಭೆಯಲ್ಲಿ ಭಾಷಣ ಮಾಡುವ ಆಸೆ. ಬರೆದದ್ದನ್ನು ಓದಲು ಬಾರದು. ಸೆಪ್ಟಿಮಾ ಅವರಿಗೆ ಕಲಿಸಲು ಕುಳಿತರು. ಪುಸ್ತಕ ಇರಲಿಲ್ಲ. ಬಟ್ಟೆ ಡ್ರೈಕ್ಲೀನ್ ಮಾಡಿದಾಗ ಬರುವ ಕಾಗದದ ಕವರುಗಳನ್ನೇ ಹರಡಿ, ಅದರ ಮೇಲೆ ಆ ಜನರೇ ಹೇಳಿದ ಸಂಗತಿಗಳನ್ನು ಬರೆದರು. ಅವರು ನಡೆದುಬರುವ ದಾರಿ, ಸುತ್ತ ಬೆಳೆಯುವ ಗಿಡಮರ ಎಲ್ಲವೂ ಪಾಠವಾಯಿತು. ತಮ್ಮ ಬಾಯಿಂದ ಬಂದ ಮಾತನ್ನೇ ಕಾಗದದ ಮೇಲೆ ಕಂಡಾಗ ಅಕ್ಷರದ ಭಯ ಅರ್ಧ ಇಳಿಯುತ್ತಿತ್ತು.

ವಯಸ್ಕರ ತರಬೇತಿ ಎಲ್ಲಿಂದ ಶುರುವಾಗಬೇಕು ಎಂಬುದಕ್ಕೆ ಅವರಿಗೆ ಸಿಕ್ಕ ಮೊದಲ ಉತ್ತರ ಇದು. ಮುಂದೆ 40 ವರ್ಷ ಅವರು ಈ ಉತ್ತರವನ್ನು ಬದಲಿಸಲಿಲ್ಲ.

ವೈಯಕ್ತಿಕ ಬದುಕು ಅಷ್ಟು ಸುಲಭ ಇರಲಿಲ್ಲ. 1920ರಲ್ಲಿ ನೌಕಾಪಡೆಯಲ್ಲಿ ಅಡುಗೆಯವರಾಗಿದ್ದ ನೆರಿ ಕ್ಲಾರ್ಕ್ ಅವರನ್ನು ಮದುವೆಯಾದರು. ಮೊದಲ ಮಗು ಹುಟ್ಟಿದ ತಿಂಗಳೊಳಗೆ ತೀರಿಕೊಂಡಿತು. 1925ರಲ್ಲಿ ಗಂಡನೂ ತೀರಿಹೋದರು. ಟೀಚರ್ ಸಂಬಳದಲ್ಲಿ ಸಾಕಲಾಗದೆ ಮಗನನ್ನು ಗಂಡನ ತಂದೆ ತಾಯಿಯ ಬಳಿ ಬಿಡಬೇಕಾಯಿತು. ಸೆಪ್ಟಿಮಾ ಮತ್ತೆ ಮದುವೆಯಾಗಲಿಲ್ಲ.

1929ರಿಂದ 1947ರವರೆಗೆ ರಾಜ್ಯದ ರಾಜಧಾನಿ ಕೊಲಂಬಿಯಾದಲ್ಲಿ ಕೆಲಸ. ಬಿಡುವಿನಲ್ಲಿ ಓದಿ 1942ರಲ್ಲಿ ಬಿಎ, 1946ರಲ್ಲಿ ಎಂಎ ಪದವಿ ಪಡೆದರು. ಅಲ್ಲಿಯೇ ವಯಸ್ಕರ ಶಿಕ್ಷಣ ಕಾರ್ಯಕ್ರಮವೊಂದರಲ್ಲಿ ಕಪ್ಪು ವರ್ಣೀಯ ಸೈನಿಕರಿಗೆ ಪಾಠ ಮಾಡಿದರು. ಸಂಬಳದ ಪಟ್ಟಿಯಲ್ಲಿ ಸಹಿ ಹಾಕುವುದು, ಬಸ್ಸಿನ ಬೋರ್ಡ್ ಓದುವುದು, ಇವೇ ಪಾಠ. ಶಿಕ್ಷಕರಿಗೆ ಬಣ್ಣ ನೋಡದೆ ಸಮಾನ ಸಂಬಳ ಕೊಡಬೇಕೆಂಬ ಹೋರಾಟಕ್ಕೂ ಕೈಜೋಡಿಸಿದರು. 1945ರಲ್ಲಿ ನ್ಯಾಯಾಲಯದಲ್ಲಿ ಅದಕ್ಕೆ ಗೆಲುವು ಸಿಕ್ಕಿತು.

726 ಪತ್ರ, ಬಂದವರು ಐದೇ ಮಂದಿ

1956ರಲ್ಲಿ ದಕ್ಷಿಣ ಕೆರೊಲಿನಾ ಹೊಸ ಕಾನೂನು ತಂದಿತು. ಕಪ್ಪು ವರ್ಣೀಯರ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ಸದಸ್ಯರಾಗಿರುವವರಿಗೆ ಸರ್ಕಾರಿ ನೌಕರಿ ಇಲ್ಲ. ಸೆಪ್ಟಿಮಾ ಸದಸ್ಯತ್ವ ಬಿಡಲಿಲ್ಲ, ಮುಚ್ಚಿಡಲೂ ಇಲ್ಲ. 40 ವರ್ಷದ ಸೇವೆ ಒಂದೇ ಏಟಿಗೆ ಮುಗಿಯಿತು. ಪಿಂಚಣಿಯೂ ಹೋಯಿತು.

ಈ ಕಾನೂನಿನ ವಿರುದ್ಧ ದನಿ ಎತ್ತೋಣ ಬನ್ನಿ ಎಂದು ಅವರು 726 ಕಪ್ಪು ವರ್ಣೀಯ ಶಿಕ್ಷಕರಿಗೆ ಪತ್ರ ಬರೆದಿದ್ದರು. ಉತ್ತರ ಬರೆದವರು 26 ಮಂದಿ. ಅಧಿಕಾರಿಯನ್ನು ಭೇಟಿಯಾಗಲು ಒಪ್ಪಿದವರು 11. ಕೊನೆಗೆ ಬಂದವರು ಐವರು.

ಬೇರೆ ಯಾರಾದರೂ ಆಗಿದ್ದರೆ ಸಹೋದ್ಯೋಗಿಗಳ ಹೇಡಿತನವನ್ನು ಬೈದು ಸುಮ್ಮನಾಗುತ್ತಿದ್ದರೇನೋ. ಸೆಪ್ಟಿಮಾ ಇದನ್ನು ತಮ್ಮ ಬದುಕಿನ ದೊಡ್ಡ ಸೋಲುಗಳಲ್ಲಿ ಒಂದು ಎಂದು ಲೆಕ್ಕ ಹಾಕಿದರು. ತಪ್ಪು ಬಾರದವರದ್ದಲ್ಲ, ಸಿದ್ಧರಾಗದ ಜನರನ್ನು ಕಾಗದ ಬರೆದು ಕರೆದ ತನ್ನದು ಎಂದುಕೊಂಡರು. ಜನ ಒಂದು ಹೆಜ್ಜೆ ಇಡಬೇಕಾದರೆ ಮೊದಲು ಅದಕ್ಕೆ ತಯಾರಾಗಬೇಕು, ತಯಾರಿ ನಿಧಾನದ ಕೆಲಸ. ಮುಂದಿನ ಶಾಲೆಗಳೆಲ್ಲ ನಿಂತದ್ದು ಈ ತಿಳಿವಳಿಕೆಯ ಮೇಲೆ.

ಬಸ್ಸಿನಲ್ಲಿ ಹುಟ್ಟಿದ ಶಾಲೆ

ಕೆಲಸ ಹೋದ ಸೆಪ್ಟಿಮಾ ಅವರನ್ನು ಕರೆದದ್ದು ಟೆನೆಸಿ ರಾಜ್ಯದ ಹೈಲ್ಯಾಂಡರ್ ಫೋಕ್ ಸ್ಕೂಲ್. ಮೈಲ್ಸ್ ಹಾರ್ಟನ್ 1932ರಲ್ಲಿ ಸಂಗಡಿಗರೊಂದಿಗೆ ಕಟ್ಟಿದ ಈ ತರಬೇತಿ ಕೇಂದ್ರದಲ್ಲಿ ಕಪ್ಪು ಬಿಳಿ ಎನ್ನದೆ ಎಲ್ಲರೂ ಒಟ್ಟಿಗೆ ಕುಳಿತು ಊಟ ಮಾಡುತ್ತಿದ್ದರು. ಆ ಕಾಲದ ದಕ್ಷಿಣ ಅಮೆರಿಕನ್ ರಾಜ್ಯಗಳಲ್ಲಿ ಅದೇ ದೊಡ್ಡ ಅಪರಾಧ. 1955ರ ಬೇಸಿಗೆಯಲ್ಲಿ ಸೆಪ್ಟಿಮಾ ಅಲ್ಲಿ ನಡೆಸಿಕೊಟ್ಟ ಕಾರ್ಯಾಗಾರಕ್ಕೆ ಹೆಚ್ಚು ಮಾತಾಡದ ಮಹಿಳೆಯೊಬ್ಬರು ಬಂದಿದ್ದರು. ಅವರೇ ರೋಸಾ ಪಾರ್ಕ್ಸ್. ಅದೇ ವರ್ಷ ಡಿಸೆಂಬರ್ 1ರಂದು ಮಾಂಟ್‌ಗೊಮರಿಯ ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲು ಒಪ್ಪದೆ ಬಂಧನಕ್ಕೊಳಗಾಗಿ ಅವರು ಇತಿಹಾಸ ಸೇರಿದರು.

ಜಾನ್ಸ್ ಐಲ್ಯಾಂಡ್‌ನ ಈಸಾ ಜೆಂಕಿನ್ಸ್ ಕೂಡ ಹೈಲ್ಯಾಂಡರ್‌ಗೆ ಬಂದಿದ್ದರು. ದ್ವೀಪದ ಕೆಲಸಗಾರರನ್ನು ದಿನಾ ಬೆಳಿಗ್ಗೆ ಚಾರ್ಲ್ಸ್‌ಟನ್‌ಗೆ ಕರೆದೊಯ್ಯುವ ಬಸ್ಸು ಅವರದ್ದು. ದಾರಿಯುದ್ದಕ್ಕೂ ಪ್ರಯಾಣಿಕರಿಗೆ ಮತದಾರರ ನೋಂದಣಿಯ ಪಾಠ ಹೇಳುತ್ತಿದ್ದರು. ಆಲಿಸ್ ವೈನ್ ಎಂಬ ಪ್ರಯಾಣಿಕರು ಸಂವಿಧಾನದ ಭಾಗವನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ಆದರೆ ಅವರಿಗೆ ಬೇಕಿದ್ದುದು ಬಾಯಿಪಾಠ ಅಲ್ಲ, ನಿಜವಾದ ಓದು. ಅದಕ್ಕೊಂದು ಶಾಲೆ ಬೇಕಿತ್ತು.

ಶಾಲೆ ಹೇಗಿರಬೇಕು ಎಂಬುದರ ಬಗ್ಗೆ ಹಾರ್ಟನ್ ಮತ್ತು ಸೆಪ್ಟಿಮಾ ನಡುವೆ ಜೋರು ವಾದವೇ ನಡೆಯಿತು. ನೇರವಾಗಿ ಮತದಾನದ ವಿಷಯಕ್ಕೆ ಹೋಗೋಣ ಎಂಬುದು ಹಾರ್ಟನ್ ಅವರ ಲೆಕ್ಕ. ಮೊದಲು ಓದು ಬರಹ, ಆಮೇಲೆ ಉಳಿದದ್ದು ಎಂಬುದು ಸೆಪ್ಟಿಮಾ ಅವರ ಪಟ್ಟು. ಕೊನೆಗೆ ಸೆಪ್ಟಿಮಾ ಅವರ ಮಾತೇ ನಡೆಯಿತು.

ಟೀಚರ್ ಬೇಡ, ಬ್ಯೂಟಿಷಿಯನ್ ಸಾಕು

ಮೊದಲ ಶಾಲೆಗೆ ಪಾಠ ಮಾಡಲು ಆಯ್ಕೆಯಾದವರು ಬರ್ನಿಸ್ ರಾಬಿನ್ಸನ್. ಸೆಪ್ಟಿಮಾ ಅವರ ಸಂಬಂಧಿ. ವೃತ್ತಿಯಲ್ಲಿ ಬ್ಯೂಟಿಷಿಯನ್, ಜತೆಗೆ ಹೊಲಿಗೆ. ಶಿಕ್ಷಕಿಯಾಗಿ ಒಂದು ದಿನವೂ ಅನುಭವ ಇರಲಿಲ್ಲ. ಬೇಕೆಂದೇ ಇಂಥವರನ್ನು ಹುಡುಕಲಾಗಿತ್ತು. ತರಬೇತಿ ಪಡೆದ ಶಿಕ್ಷಕರು ದೊಡ್ಡವರನ್ನೂ ಮಕ್ಕಳಂತೆ ನೋಡಿಯಾರು ಎಂಬ ಆತಂಕ ಒಂದು ಕಡೆ. ಇನ್ನೊಂದು ಕಡೆ, ಸರ್ಕಾರಿ ಶಿಕ್ಷಕರ ಕೆಲಸ ಕಿತ್ತುಕೊಳ್ಳುವುದು ಸುಲಭ. ಬ್ಯೂಟಿ ಪಾರ್ಲರ್ ನಡೆಸುವವರ ಗಿರಾಕಿಗಳು ಕಪ್ಪು ವರ್ಣೀಯರೇ ಆದ್ದರಿಂದ ಬಿಳಿಯ ಅಧಿಕಾರಿಗಳು ಅವರ ಅನ್ನಕ್ಕೆ ಕೈ ಹಾಕುವಂತಿರಲಿಲ್ಲ.

ಮೊದಲ ರಾತ್ರಿ ಬರ್ನಿಸ್ ಚಿಕ್ಕ ಮಕ್ಕಳ ಪಾಠದ ಸಾಮಗ್ರಿ ಹಿಡಿದುಕೊಂಡು ಹೋಗಿದ್ದರು. ಎದುರಿಗೆ ಕುಳಿತ ಮುಖಗಳನ್ನು ನೋಡಿದ ಕೂಡಲೇ ಇದು ನಡೆಯುವುದಿಲ್ಲ ಎಂದು ಗೊತ್ತಾಯಿತು. ಅದನ್ನು ಪಕ್ಕಕ್ಕಿಟ್ಟು, ಏನು ಕಲಿಯಬೇಕು ಎಂದು ಅವರನ್ನೇ ಕೇಳಿದರು. ಹೆಸರು ಬರೆಯಬೇಕು, ಬೈಬಲ್ ಓದಬೇಕು, ಮನಿ ಆರ್ಡರ್ ತುಂಬಬೇಕು, ಕ್ಯಾಟಲಾಗ್ ನೋಡಿ ಸಾಮಾನು ತರಿಸುವ ಫಾರ್ಮ್ ತುಂಬಬೇಕು, ಮತದಾರರ ಪಟ್ಟಿಗೆ ಸೇರಬೇಕು. ಪಠ್ಯಕ್ರಮ ಅಲ್ಲೇ ಸಿದ್ಧವಾಯಿತು.

ಮನಿ ಆರ್ಡರ್ ಫಾರ್ಮನ್ನು ದೊಡ್ಡದಾಗಿ ಬರೆದು ತೋರಿಸಿ ಕಲಿಸಿದರು. ಪತ್ರಿಕೆಯಲ್ಲಿ ಬರುವ ದಿನಸಿ ಜಾಹೀರಾತುಗಳೇ ಲೆಕ್ಕದ ಪುಸ್ತಕ. ರಟ್ಟಿನ ಮೇಲೆ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಟ್ಟು, ಅದರ ಮೇಲೆ ಮತ್ತೆ ಮತ್ತೆ ಪೆನ್ಸಿಲ್ ಆಡಿಸಲು ಹೇಳುತ್ತಿದ್ದರು. ನೇಗಿಲು ಹಿಡಿದ ಕೈಗಳ ಬಲಕ್ಕೆ ಪೆನ್ಸಿಲ್ ಮುರಿದುಹೋಗುತ್ತಿತ್ತು. ಆಗ ಯಾರೂ ಏನೂ ಅನ್ನದೆ ಇನ್ನೊಂದು ಪೆನ್ಸಿಲ್ ಕೊಡುತ್ತಿದ್ದರು. ವಯಸ್ಸಾದವರಿಗೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಮರ್ಯಾದೆ ಹೋದೀತೆಂಬ ಭಯ ಎಂಬುದು ಸೆಪ್ಟಿಮಾ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಗೋಡೆಯ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ಅಂಟಿಸಲಾಗಿತ್ತು. ತರಗತಿ ಮುಗಿಯುವ ಹೊತ್ತಿಗೆ ಇದನ್ನು ನೀವೇ ಓದುತ್ತೀರಿ ಎಂಬ ಭರವಸೆ ಅದು. ಸಮಯವನ್ನೂ ಯೋಚಿಸಿಯೇ ಆರಿಸಿದ್ದರು. ಚಳಿಗಾಲದಲ್ಲಿ ಹೊಲದ ಕೆಲಸ ಕಡಿಮೆ. ವಾರಕ್ಕೆ ಎರಡು ರಾತ್ರಿ, ತಲಾ ಎರಡು ಗಂಟೆ. ಬಿತ್ತನೆ ಶುರುವಾಗುವ ಮೊದಲೇ ಪಾಠ ಮುಗಿಯಬೇಕು.

ಪರೀಕ್ಷೆ ನಡೆದದ್ದು ಸರ್ಕಾರಿ ಕಚೇರಿಯಲ್ಲಿ

ಕಲಿತದ್ದು ನಿಜವೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಈ ಶಾಲೆಯಲ್ಲಿ ಪ್ರಶ್ನೆಪತ್ರಿಕೆ ಇರಲಿಲ್ಲ, ಅಂಕಪಟ್ಟಿಯೂ ಇರಲಿಲ್ಲ. ಕೊನೆಯ ಪರೀಕ್ಷೆ ಮತದಾರರ ನೋಂದಣಿ ಕಚೇರಿಯಲ್ಲಿ. ಅಲ್ಲಿ ಎದುರಿಗೆ ಕುಳಿತಿರುವುದು ಪಾಸು ಮಾಡಲು ಇಷ್ಟವೇ ಇಲ್ಲದ ಅಧಿಕಾರಿ. ಅವನ ಮುಂದೆ ಓದಿ, ಸಹಿ ಹಾಕಿ, ನೋಂದಣಿ ಪತ್ರ ಕೈಗೆ ಸಿಕ್ಕಿದರೆ ತರಬೇತಿ ಫಲಿಸಿತು ಎಂದರ್ಥ. ಇಲ್ಲದಿದ್ದರೆ ಕೊರತೆ ಎಲ್ಲಿದೆ ಎಂದು ನೋಡಿ ಮತ್ತೆ ಪಾಠ.

ಕಂಪನಿಗಳಲ್ಲಿ ಟ್ರೈನಿಂಗ್ ಮುಗಿದ ಮೇಲೆ ಊಟ ಹೇಗಿತ್ತು, ಸ್ಲೈಡ್ ಹೇಗಿತ್ತು ಎಂದು ಕೇಳುವ ಫೀಡ್‌ಬ್ಯಾಕ್ ಫಾರ್ಮ್ ತುಂಬಿದವರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗುತ್ತದೆ. ತರಬೇತಿಯನ್ನು ನಾಲ್ಕು ಹಂತದಲ್ಲಿ ಅಳೆಯಬೇಕು, ಕೊನೆಯ ಹಂತ ನಿಜವಾದ ಫಲಿತಾಂಶ ಎಂಬ ಇಂದಿಗೂ ಬಳಕೆಯಲ್ಲಿರುವ ಮಾದರಿಯನ್ನು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಪ್ರಕಟಿಸಿದ್ದು 1959ರಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ ಜಾನ್ಸ್ ಐಲ್ಯಾಂಡ್‌ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಆ ಕೊನೆಯ ಹಂತವೇ ಏಕೈಕ ಅಳತೆಗೋಲಾಗಿತ್ತು.

ಸುದ್ದಿ ಅಕ್ಕಪಕ್ಕದ ದ್ವೀಪಗಳಿಗೂ ಹಬ್ಬಿತು. ವಾಡ್ಮಲಾ, ಎಡಿಸ್ಟೊ ದ್ವೀಪಗಳ ಜನ ತಮಗೂ ಶಾಲೆ ಬೇಕೆಂದರು. ಇವುಗಳಿಗೆ ಸಿಟಿಜನ್‌ಶಿಪ್ ಸ್ಕೂಲ್ ಅಂದರೆ ಪೌರತ್ವ ಶಾಲೆ ಎಂಬ ಹೆಸರು ನಿಂತಿತು.

ದಾಳಿ, ಬಂಧನ, ಹೊಸ ನೆಲೆ

ಇದು ಸರ್ಕಾರದ ಕಣ್ಣು ತಪ್ಪಿಸಿ ಬಹಳ ದಿನ ಉಳಿಯಲಿಲ್ಲ. 1959ರ ಜುಲೈ 31ರ ರಾತ್ರಿ ಹೈಲ್ಯಾಂಡರ್ ಮೇಲೆ ಪೊಲೀಸ್ ದಾಳಿ ನಡೆಯಿತು. ಹಾರ್ಟನ್ ಆಗ ಊರಲ್ಲಿರಲಿಲ್ಲ. ಕಾರ್ಯಾಗಾರದ ಹೊಣೆ ಹೊತ್ತಿದ್ದ 61 ವರ್ಷದ ಸೆಪ್ಟಿಮಾ ಅವರನ್ನು ವಿಸ್ಕಿ ಇಟ್ಟುಕೊಂಡ ಆರೋಪದ ಮೇಲೆ ಬಂಧಿಸಿದರು. ಆರೋಪ ನಿಲ್ಲಲಿಲ್ಲ. ಆದರೆ 1961ರ ಹೊತ್ತಿಗೆ ರಾಜ್ಯ ಸರ್ಕಾರ ಹೈಲ್ಯಾಂಡರ್‌ಗೆ ಬೀಗ ಹಾಕಿಸಿತು.

ಶಾಲೆಗಳು ಮಾತ್ರ ಮುಚ್ಚಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆ ಎಸ್‌ಸಿಎಲ್‌ಸಿ ಈ ಕಾರ್ಯಕ್ರಮವನ್ನು ವಹಿಸಿಕೊಂಡಿತು. ಜಾರ್ಜಿಯಾ ರಾಜ್ಯದ ಡಾರ್ಚೆಸ್ಟರ್ ಕೇಂದ್ರದಲ್ಲಿ ಹೊಸ ನೆಲೆ ಸಿಕ್ಕಿತು. ಇಲ್ಲಿ ಸೆಪ್ಟಿಮಾ ಅವರ ಕೆಲಸ ಒಂದು ಹೆಜ್ಜೆ ಮುಂದೆ ಹೋಯಿತು. ಇನ್ನು ಕಲಿಸಬೇಕಾದ್ದು ವಿದ್ಯಾರ್ಥಿಗಳಿಗಲ್ಲ, ಊರಿಗೆ ಹೋಗಿ ಶಾಲೆ ನಡೆಸುವ ಶಿಕ್ಷಕರಿಗೆ. ಜತೆಗೆ ಇದ್ದವರು ಡೊರೊಥಿ ಕಾಟನ್ ಮತ್ತು ಮುಂದೆ ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾದ ಆಂಡ್ರ್ಯೂ ಯಂಗ್.

ದಕ್ಷಿಣದ ಬೇರೆ ಬೇರೆ ರಾಜ್ಯಗಳಿಂದ ಬಸ್ಸಿನಲ್ಲಿ ಜನ ಬರುತ್ತಿದ್ದರು. ಐದು ದಿನದ ತರಬೇತಿ. ಸೆಪ್ಟಿಮಾ ಡಿಗ್ರಿ ಕೇಳುತ್ತಿರಲಿಲ್ಲ. ಗಟ್ಟಿಯಾಗಿ ಓದಲು ಬರಬೇಕು, ಬೋರ್ಡ್ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಲು ಬರಬೇಕು, ಊರಿನಲ್ಲಿ ಮಾತಿಗೆ ಬೆಲೆ ಇರಬೇಕು. ಇಷ್ಟಿದ್ದರೆ ಸಾಕಿತ್ತು. ಬಂದವರಿಗೆ ಮೊದಲು ಅವರ ಊರಿನ ತೊಂದರೆಗಳನ್ನು ಹೇಳಲು ಬಿಡುತ್ತಿದ್ದರು. ಆಮೇಲೆ ಆಯಾ ರಾಜ್ಯದ ನೋಂದಣಿ ನಿಯಮ, ಫಾರ್ಮ್ ತುಂಬುವ ಕ್ರಮ, ಬ್ಯಾಂಕ್ ಚೆಕ್ ಬರೆಯುವ ರೀತಿ. ಚೆಕ್ಕಿನಲ್ಲಿ ಮೊತ್ತದ ಪಕ್ಕ ಖಾಲಿ ಜಾಗ ಬಿಡದೆ ಗೆರೆ ಎಳೆಯಬೇಕು ಎಂಬುದನ್ನೂ ಹೇಳಿಕೊಡುತ್ತಿದ್ದರು. ಓದು ಬಾರದವರ ಹಣಕ್ಕೆ ಬೇರೆಯವರು ಕೈ ಹಾಕುವುದು ಆಗ ಮಾಮೂಲು.

ಊರಿಗೆ ಮರಳಿದವರ ಪಾಡು ಬೇರೆಯೇ. ಮಿಸಿಸಿಪ್ಪಿಯ ಹತ್ತಿ ಹೊಲದ ಕೂಲಿ ಫ್ಯಾನಿ ಲೂ ಹ್ಯಾಮರ್ 1963ರ ಜೂನ್‌ನಲ್ಲಿ ಇಂಥ ತರಬೇತಿ ಮುಗಿಸಿ ಬಸ್ಸಿನಲ್ಲಿ ವಾಪಸಾಗುವಾಗ ವಿನೋನಾ ಎಂಬ ಊರಿನಲ್ಲಿ ಬಂಧನಕ್ಕೊಳಗಾದರು. ಜೈಲಿನಲ್ಲಿ ಬಿದ್ದ ಹೊಡೆತದ ನೋವು ಜೀವನಪೂರ್ತಿ ಉಳಿಯಿತು. ಆದರೂ ಅವರು ಹಿಂದೆ ಸರಿಯಲಿಲ್ಲ, ಮರುವರ್ಷವೇ ರಾಷ್ಟ್ರಮಟ್ಟದ ನಾಯಕಿಯಾಗಿ ಬೆಳೆದರು.

ಸೆಪ್ಟಿಮಾ ಅವರೇ ಕೊಟ್ಟ ಲೆಕ್ಕದಂತೆ 1957ರಿಂದ 1970ರವರೆಗೆ ನಡೆದ ಪೌರತ್ವ ಶಾಲೆಗಳು 897. 1964ರಲ್ಲಿ ಏಕಕಾಲಕ್ಕೆ 195 ಶಾಲೆಗಳು ನಡೆಯುತ್ತಿದ್ದವು. ಅಡುಗೆಮನೆ, ಪಾರ್ಲರ್, ಮರದ ನೆರಳು, ಎಲ್ಲೆಲ್ಲಿ ಜಾಗ ಸಿಕ್ಕಿತೋ ಅಲ್ಲೆಲ್ಲ. 1965ರ ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆಗೆ ಅಧ್ಯಕ್ಷರ ಸಹಿ ಬಿದ್ದು, ಓದುವ ಪರೀಕ್ಷೆಗೆ ತಡೆ ಬಿತ್ತು. ಆ ಹೊತ್ತಿಗೆ ದಕ್ಷಿಣದ ಅನೇಕ ಊರುಗಳಲ್ಲಿ ಜನರನ್ನು ಕಚೇರಿಗೆ ಕರೆದೊಯ್ಯಬಲ್ಲ ಒಬ್ಬ ಸ್ಥಳೀಯ ಶಿಕ್ಷಕ, ಶಿಕ್ಷಕಿ ತಯಾರಾಗಿದ್ದರು.

ನಕ್ಕು ತಳ್ಳಿಹಾಕಿದ ಪತ್ರ

ಹೊರಗೆ ಬಿಳಿಯರ ವಿರೋಧ, ಒಳಗೆ ಗಂಡಸರ ಅಸಡ್ಡೆ. ಎಸ್‌ಸಿಎಲ್‌ಸಿಯ ಕಾರ್ಯಕಾರಿ ಮಂಡಳಿಯಲ್ಲಿ ಸೆಪ್ಟಿಮಾ ಯಾಕಿರಬೇಕು ಎಂದು ಪುರುಷ ಸದಸ್ಯರು ಪ್ರಶ್ನಿಸಿದ್ದುಂಟು. ಎಲ್ಲ ಮೆರವಣಿಗೆಗಳನ್ನೂ ಕಿಂಗ್ ಅವರೇ ಮುನ್ನಡೆಸುವ ಬದಲು ಊರೂರಲ್ಲಿ ನಾಯಕರನ್ನು ಬೆಳೆಸಬೇಕು ಎಂದು ಅವರು ಕಿಂಗ್ ಅವರಿಗೆ ಪತ್ರ ಬರೆದರು. ಸಿಬ್ಬಂದಿ ಸಭೆಯಲ್ಲಿ ಅದನ್ನು ಓದಿದಾಗ ಎಲ್ಲರೂ ನಕ್ಕರು. ಕಿಂಗ್ ಅವರ ಬಗ್ಗೆ ಸೆಪ್ಟಿಮಾ ಅವರಿಗೆ ಗೌರವವಿತ್ತು. 1964ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸ್ವೀಕರಿಸಲು ಕಿಂಗ್ ಓಸ್ಲೋಗೆ ಹೋದಾಗ ಇವರೂ ಜತೆಗಿದ್ದರು. ಆದರೆ ಹೆಣ್ಣುಮಕ್ಕಳ ಕೆಲಸಕ್ಕೆ ಹೋರಾಟದೊಳಗೆ ಬೆಲೆ ಸಿಗಲಿಲ್ಲ ಎಂಬ ಮಾತನ್ನು ಅವರು ಕೊನೆಯವರೆಗೂ ಮುಚ್ಚಿಡಲಿಲ್ಲ.

ಮರಳಿ ಅದೇ ದ್ವೀಪಕ್ಕೆ

1970ರಲ್ಲಿ ಎಸ್‌ಸಿಎಲ್‌ಸಿಯಿಂದ ನಿವೃತ್ತರಾದರು. ಅದೇ ದಶಕದಲ್ಲಿ ಚಾರ್ಲ್ಸ್‌ಟನ್ ಕೌಂಟಿಯ ಶಾಲಾ ಮಂಡಳಿಗೆ ಮತದಾರರು ಅವರನ್ನು ಆರಿಸಿ ಕಳಿಸಿದರು. ಒಂದು ಕಾಲದಲ್ಲಿ ಶಾಲೆಯಿಂದ ಹೊರಗಟ್ಟಿದ ಊರಿನಲ್ಲೇ ಶಾಲೆಗಳ ಆಡಳಿತದಲ್ಲಿ ಕುಳಿತರು. 1976ರಲ್ಲಿ ಅವರ ಪಿಂಚಣಿ ಮತ್ತೆ ಶುರುವಾಯಿತು, ಕಿತ್ತುಕೊಂಡ 20 ವರ್ಷದ ನಂತರ. 1979ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಂದ ಗೌರವ ಸಂದಿತು.

1987ರ ಡಿಸೆಂಬರ್ 15ರಂದು, 89ನೇ ವಯಸ್ಸಿನಲ್ಲಿ ಸೆಪ್ಟಿಮಾ ಕ್ಲಾರ್ಕ್ ಕೊನೆಯುಸಿರೆಳೆದರು. 18ನೇ ವಯಸ್ಸಿನಲ್ಲಿ ದೋಣಿ ಇಳಿದು, ಡ್ರೈಕ್ಲೀನಿಂಗ್ ಕವರಿನ ಮೇಲೆ ಮೊದಲ ಪಾಠ ಬರೆದ ಜಾನ್ಸ್ ಐಲ್ಯಾಂಡ್‌ನಲ್ಲೇ ಅವರ ಬದುಕು ಮುಗಿಯಿತು.